ಬುಧವಾರದ ಉಪಪ್ರಶ್ನೆ

ಬೇಳೆ ಬೇಯುವ ವಾಸನೆಗೂ ಜರ್ಮನಿಯ ವಿದೇಶಾಂಗ ಮಂತ್ರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಿ. ನಮ್ಮ ಮನೆಯಲ್ಲಿ ಈಚೆಗೆ ಪ್ರಶ್ನೆ ಕೇಳುವವರು ಕಡಿಮೆಯಾಗಿದ್ದಾರೆ.

ಮೊನ್ನೆ ಬುಧವಾರ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಒಲೆಯ ಮೇಲೆ ಕುಕ್ಕರಿನಲ್ಲಿ ತೊಗರಿಬೇಳೆ, ಅಡಿಗೆಮನೆಯ ಮೇಜಿನ ಮೇಲೆ ಆಫೀಸಿನ ಲ್ಯಾಪ್‌ಟಾಪ್, ಅದಕ್ಕೆ ಆನಿಸಿ ನಿಲ್ಲಿಸಿದ ಫೋನಿನೊಳಗೆ ಬರ್ಲಿನ್ನಿನ ಸಂಸತ್ತು. ಬುಧವಾರ ಮಧ್ಯಾಹ್ನ ಅಲ್ಲಿ ಸದಸ್ಯರು ಮಂತ್ರಿಗಳಿಗೆ ಪ್ರಶ್ನೆ ಕೇಳುತ್ತಾರೆ. ಅಂದು ವಿದೇಶಾಂಗ ಮಂತ್ರಿಯ ಸರದಿ. ನಾನು ಕಿವಿಗೊಟ್ಟು ಕೇಳುತ್ತೇನೆ ಎಂದಲ್ಲ. ಕೆಲವರಿಗೆ ಹಿನ್ನೆಲೆಯಲ್ಲಿ ತಂಬೂರಿ ಬೇಕು, ನನಗೆ ಇದು. ಯಾವುದೋ ದೂರದ ಗಡಿಯ ಬಗ್ಗೆ ಯಾರೋ ಕೇಳಿದರು. ಮಂತ್ರಿ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, "ಪರಿಸ್ಥಿತಿಯನ್ನು ಅವಲೋಕಿಸಿ, ಸೂಕ್ತ ಸಮಯದಲ್ಲಿ" ಎನ್ನುವಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ನಾನು ತಟ್ಟನೆ ತಲೆಯೆತ್ತಿ ಫ್ರಿಜ್ಜಿನ ಕಡೆ ನೋಡಿದೆ. ಫ್ರಿಜ್ಜಿನ ಮುಂದೆ ಯಾರೂ ನಿಂತಿರಲಿಲ್ಲ.

ಅಲ್ಲಿ ನಿಲ್ಲುತ್ತಿದ್ದವರು ನನ್ನ ಗಂಡ ಜಯತೀರ್ಥ. ಈಗ ಪುಣೆಯಲ್ಲಿದ್ದಾರೆ. ಹೀಗೆ ಹೇಳಿದ ತಕ್ಷಣ ನಮ್ಮ ಕನ್ನಡ ಬಳಗದವರು ಕತ್ತು ಓರೆ ಮಾಡುತ್ತಾರೆ. ಗಾಬರಿಯಾಗಬೇಡಿ, ಜಗಳವಿಲ್ಲ. ಜಗಳವಿದ್ದಿದ್ದರೆ ಹೇಳಿಕೊಳ್ಳಲು ಒಂದು ಕಥೆಯಾದರೂ ಇರುತ್ತಿತ್ತು.

ನಾವು ಜರ್ಮನಿಯ ಸಿಂಡೆಲ್‌ಫಿಂಗೆನ್ನಿಗೆ ಬಂದ ಹೊಸತು. ಅವರು ಬಾಗಲಕೋಟೆಯವರು, ನಾನು ಧಾರವಾಡದವಳು. ಅವರಿಗೆ ಕಾರಿನ ಕಾರ್ಖಾನೆಯಲ್ಲಿ ಕೆಲಸ, ನನಗೆ ಇನ್ನೂ ಇಲ್ಲ. ಇಬ್ಬರಿಗೂ ಜರ್ಮನ್ ಬರಬೇಕಿತ್ತು. ತರಗತಿಯಲ್ಲಿ ಮೇಡಂ ಆಡಿದ್ದು ಅರ್ಥವಾಗುತ್ತಿತ್ತು, ಬೀದಿಗಿಳಿದರೆ ಆಗುತ್ತಿರಲಿಲ್ಲ. ಈ ಕಡೆಯ ಜನ ಆಡುವ ಶ್ವಾಬಿಷ್ ನುಡಿ ಪಾಠದ ಪುಸ್ತಕಕ್ಕೆ ಸೊಪ್ಪು ಹಾಕುವುದಿಲ್ಲ. ಟೀವಿ ಧಾರಾವಾಹಿಗಳಲ್ಲಿ ಎಲ್ಲರೂ ಅಳುತ್ತಲೇ ಮಾತಾಡುತ್ತಾರೆ. ಒಂದು ಸಂಜೆ ಜಯತೀರ್ಥ ರಿಮೋಟ್ ಒತ್ತುತ್ತ ಒತ್ತುತ್ತ ಸಂಸತ್ತಿಗೆ ಬಂದು ನಿಂತರು. ವಿದೇಶಾಂಗ ಮಂತ್ರಿ ಉತ್ತರ ಕೊಡುತ್ತಿದ್ದರು.

"ಏ, ಇಲ್ಲಿ ಬಾ. ಇದು ನನಗ ತಿಳೀಲಿಕ್ಹತ್ತದ!"

"ಏನ್ ಹೇಳ್ಲಿಕ್ಹತ್ಯಾರ?"

"ಏನೂ ಹೇಳ್ಲಿಕ್ಹತ್ತಿಲ್ಲ. ಆದ್ರ ಎಷ್ಟು ಹಗೂರಕ ಹೇಳ್ಲಿಕ್ಹತ್ಯಾರ ನೋಡು. ಒಂದು ಶಬ್ದ ಹೆಚ್ಚುಕಡಿಮಿ ಆದ್ರ ಯುದ್ಧ ಆದೀತು ಅಂತ ಹೆದರಿಕಿ ಅವರಿಗೆ. ನಮಗೂ ಅದ ಹೆದರಿಕಿ ಅಲ್ಲೇನು?"

ಅಂದಿನಿಂದ ವಿದೇಶಾಂಗ ಮಂತ್ರಿಯೇ ನಮ್ಮ ಮಾಸ್ತರರು. ಯಾವ ಮಂತ್ರಿ, ಯಾವ ಪಕ್ಷ ಎಂದು ಕೇಳಬೇಡಿ. ಮಂತ್ರಿಗಳು ಬದಲಾದರು, ಸರಕಾರಗಳು ಬದಲಾದವು, ವಾಕ್ಯಗಳು ಬದಲಾಗಲಿಲ್ಲ. ರೆಕಾರ್ಡಿಂಗ್ ಹಾಕಿ, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮಗ್ಗಿ ಒಪ್ಪಿಸಿದಂತೆ ಒಪ್ಪಿಸುತ್ತಿದ್ದೆವು. ಆ ಭಾಷೆಯಲ್ಲಿ 'ನನಗೆ ಬೇಕು' ಎಂಬುದೇ ಇಲ್ಲ; 'ಸ್ವಾಗತಿಸುತ್ತೇವೆ' ಇದೆ. 'ಬೇಡ' ಇಲ್ಲ, 'ಈ ಹಂತದಲ್ಲಿ ಅದು ಸಹಾಯಕವೆಂದು ನಮಗೆ ಕಾಣುವುದಿಲ್ಲ' ಇದೆ.

ಫಲ ಏನಾಯಿತೆಂದರೆ, ಬೇಕರಿಯಲ್ಲಿ ಬ್ರೆಟ್ಸೆಲ್ ಎಂಬ ಗಂಟುಬ್ರೆಡ್ಡು ಮುಗಿದಿದೆ ಎಂದಾಗ ಜಯತೀರ್ಥ ಅತ್ಯಂತ ಶುದ್ಧ ಜರ್ಮನಿನಲ್ಲಿ, "ಈ ಬೆಳವಣಿಗೆಯನ್ನು ನಾವು ಗಂಭೀರ ಕಳವಳದಿಂದ ಗಮನಿಸುತ್ತೇವೆ" ಎಂದರು. ಅಂಗಡಿಯ ಹೆಂಗಸು ಒಂದು ಕ್ಷಣ ಅವರನ್ನೇ ನೋಡಿ, ಒಳಗೆ ತನಗಾಗಿ ಎತ್ತಿಟ್ಟುಕೊಂಡಿದ್ದ ಒಂದನ್ನು ತಂದು ಕೊಟ್ಟಳು. ಮುಂದೆ ಅವಳಿಗೆ ಇವರು 'ಹೆರ್ ಮಿನಿಸ್ಟರ್', ಮಂತ್ರಿ ಮಹಾಶಯರು. ನಾನೇನು ಕಡಿಮೆ? ಚಳಿಗಾಲದಲ್ಲಿ ಹೀಟಿಂಗ್ ಕೆಟ್ಟಾಗ ಮನೆಯ ಮಾಲೀಕರಿಗೆ ಫೋನ್ ಮಾಡಿ, ಎಲ್ಲ ಪಕ್ಷಗಳೂ ತಮ್ಮ ಹೊಣೆಗಾರಿಕೆಯನ್ನು ಅರಿತು ನಡೆದುಕೊಳ್ಳಬೇಕೆಂದು ನಿರೀಕ್ಷಿಸುತ್ತೇವೆ ಎಂದೆ. ಮರುದಿನವೇ ರಿಪೇರಿಯವನು ಬಂದ. ನಾನು ವಕೀಲಳೆಂದು ಮಾಲೀಕರು ತಿಳಿದರಂತೆ.

ಇಲ್ಲೊಂದು ತಕರಾರು ಇದೆ. ಬೇಕರಿಯ ಪ್ರಸಂಗವನ್ನು ಎಷ್ಟು ಜನರ ಮುಂದೆ ಹೇಳಿದ್ದೇನೋ, ಹೇಳಿದಂತೆಲ್ಲ ಆ ಹೆಂಗಸಿನ ಏಪ್ರನ್ನಿನ ಬಣ್ಣ ಬದಲಾಗಿದೆ. ಆ ಮಾತು ಆಡಿದ್ದು ತಾವಲ್ಲ, ತಮ್ಮ ಹೆಂಡತಿ ಎಂದು ಜಯತೀರ್ಥ ಒಮ್ಮೆ ಸಾಧಿಸಿದ್ದರು. ಇದ್ದರೂ ಇರಬಹುದು. ನೆನಪೆಂಬುದು ವಿದೇಶಾಂಗ ಇಲಾಖೆಯ ವಕ್ತಾರನಂತೆ. ನಡೆದದ್ದನ್ನು ಅದು ಹೇಳುವುದಿಲ್ಲ. ನಡೆದದ್ದರ ಬಗ್ಗೆ ಒಪ್ಪಿತವಾದ ಹೇಳಿಕೆಯನ್ನು ಓದುತ್ತದೆ. ಆದ್ದರಿಂದ ಮುಂದಿನದನ್ನೆಲ್ಲ ನೀವು ಸ್ವಲ್ಪ ಅನುಮಾನದಿಂದಲೇ ಓದುವುದು ಒಳ್ಳೆಯದು. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಭಾಷೆ ಬಂದ ಮೇಲೂ ಆಟ ಬಿಡಲಿಲ್ಲ. ಮಗಳು ಇಳಾ ಹುಟ್ಟಿ, ಅವಳ ಹಾಲುಹಲ್ಲು ಬೀಳುವ ಹೊತ್ತಿಗೆ ಬುಧವಾರ ಸಂಜೆ ನಮ್ಮ ಅಡಿಗೆಮನೆಯಲ್ಲಿ ಪ್ರಶ್ನೋತ್ತರ ಕಲಾಪ ನಡೆಯುವುದು ಪದ್ಧತಿಯಾಗಿತ್ತು. ಇಳಾ ಸಭಾಧ್ಯಕ್ಷೆ. ದೇವರ ಮುಂದಿನ ಹಿತ್ತಾಳೆ ಗಂಟೆ ಅವಳ ಕೈಯಲ್ಲಿ. ಅವಳು ಬಾರಿಸಿದರೆ ಸಭೆ ಶುರು, ಇನ್ನೊಮ್ಮೆ ಬಾರಿಸಿದರೆ ಮುಕ್ತಾಯ. ಪ್ರಶ್ನೆ ಕೇಳುವವರು ಕೂತು ಕೇಳಬಹುದು. ಉತ್ತರ ಕೊಡುವವರು ಮಾತ್ರ ಫ್ರಿಜ್ಜಿನ ಮುಂದೆ ಎದ್ದು ನಿಲ್ಲಬೇಕು. ಸುಳ್ಳು ಹೇಳುವಂತಿಲ್ಲ, ಹೇಳದೆ ಜಾರಿಕೊಳ್ಳಬಹುದು. ಬರ್ಲಿನ್ನಿನಲ್ಲಿ ಸಮಯ ಮುಗಿದರೆ ಕೆಂಪು ದೀಪ ಹತ್ತುತ್ತದೆ. ನಮ್ಮಲ್ಲಿ ಕುಕ್ಕರಿನ ಮುಂದಿನ ಸೀಟಿ ಹೊಡೆಯುವವರೆಗೆ ಸಮಯ. ಒಂದು ಪ್ರಶ್ನೆಗೆ ಒಂದು ಉಪಪ್ರಶ್ನೆ. ಅದಕ್ಕೆ ಇಳಾ ಇಲ್ಲಿನ ಮಾತನ್ನೇ ಬಳಸುತ್ತಿದ್ದಳು. ಕನ್ನಡಕದಂತೆ ಬೆರಳು ಮಡಿಸಿ ಕಣ್ಣಿಗಿಟ್ಟುಕೊಂಡು ಕೇಳುತ್ತಿದ್ದಳು: "ನಾಖ್‌ಫ್ರಾಗೆ?"

"ಮಂತ್ರಿಗಳ, ಈ ಬ್ಯಾಸಗಿಗೆ ನಿಮ್ಮ ಅಕ್ಕನ ಮನಿ ಮಂದಿ ಎಲ್ಲಾರೂ ಇಲ್ಲಿ ಬಂದು ತಿಂಗಳಗಟ್ಟಲೆ ಇರ್ತಾರ ಅನ್ನೂ ಸುದ್ದಿ ಖರೇನ?" ಎಂದು ಒಮ್ಮೆ ನಾನು ಕೇಳಿದೆ.

ಜಯತೀರ್ಥ ಎದ್ದು, ಇಲ್ಲದ ಕೋಟಿನ ಗುಂಡಿ ಹಾಕಿಕೊಂಡರು. "ಮಾನ್ಯ ಅಧ್ಯಕ್ಷರ, ನೆರೆಹೊರೆಯವರ ಜೋಡಿ ನಮ್ಮ ಸಂಬಂಧ ಐತಿಹಾಸಿಕ ಅದಾವ. ಇನ್ನೂ ಮಾತುಕತಿ ನಡದದ. ನಡದಿರೂ ಮಾತುಕತಿ ಬಗ್ಗೆ ನಾವು ಏನೂ ಹೇಳೂದಿಲ್ಲ."

"ನಾಖ್‌ಫ್ರಾಗೆ?"

"ಅದ. ಟಿಕೆಟ್ ಆಗ್ಯಾವೋ ಇಲ್ಲೋ, ಅಷ್ಟ ಹೇಳ್ರಿ."

ಮಂತ್ರಿಗಳು ಕುಕ್ಕರಿನ ಕಡೆ ಆಸೆಯಿಂದ ನೋಡಿದರು. ಅದು ಬುಸುಗುಟ್ಟುತ್ತಿತ್ತು, ಸೀಟಿ ಹೊಡೆಯಲಿಲ್ಲ. "ಆಗ್ಯಾವ," ಎಂದರು, ನೆಲ ನೋಡುತ್ತ. ಇಳಾ ಕುಣಿದು ಕುಣಿದು ಗಂಟೆ ಬಾರಿಸಿದಳು. ಕೆಳಗಿನ ಮನೆಯ ಅಜ್ಜಿ, ಇವರ ದೇವರಿಗೆ ಬುಧವಾರ ವಿಶೇಷವಿರಬೇಕೆಂದು ಇವತ್ತಿಗೂ ನಂಬಿದ್ದಾರೆ.

ನಗೆಯ ಮಾತು ಬಿಡಿ. ಬೇರೆ ಗಂಡಹೆಂಡಿರು ವಾರಗಟ್ಟಲೆ ಮುಖ ಊದಿಸಿಕೊಂಡು ಕಳೆಯುವ ಎಷ್ಟೋ ವಿಷಯಗಳು ನಮ್ಮಲ್ಲಿ ಒಂದು ಸೀಟಿಯಿಂದ ಇನ್ನೊಂದು ಸೀಟಿಯೊಳಗೆ ಮುಗಿದುಹೋಗುತ್ತಿದ್ದವು. ದಣಿದು ಬಂದ ಮನುಷ್ಯ, ಕಾಲಲ್ಲಿ ಮನೆಯ ಚಪ್ಪಲಿ, ನನ್ನ ಒಂದು ಮಾತಿಗೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಲ್ಲುತ್ತಿದ್ದ. ಆ ಕುರ್ಚಿಯ ಕಾಲುಗಳು ಹಂಚಿನ ನೆಲದ ಮೇಲೆ ಕರ್ರೆನ್ನುತ್ತಿದ್ದವು. ಅದಕ್ಕೆ ಬಟ್ಟೆ ಅಂಟಿಸಬೇಕೆಂದು ನಾನು ಆಗಾಗ ಗೊಣಗುತ್ತಿದ್ದೆ.

ಪುಣೆಯ ವಿಷಯವೂ ಬುಧವಾರವೇ ಬಂತು. ಕಾರ್ಖಾನೆಗಾಗಿ ಜಯತೀರ್ಥ ಅಲ್ಲೊಂದು ಹೊಸ ವಿಭಾಗ ಕಟ್ಟಬೇಕು, ಸ್ವಲ್ಪ ಕಾಲದ ಮಟ್ಟಿಗೆ. ಇಳಾಳ ಶಾಲೆ ಇಲ್ಲಿ. ಅಷ್ಟು ಹೊತ್ತಿಗೆ ಸ್ಟುಟ್‌ಗಾರ್ಟಿನಲ್ಲಿ ನನಗೂ ಕೆಲಸ ಸಿಕ್ಕಿತ್ತು. ಅವರೊಬ್ಬರೇ ಹೋಗುವುದೆಂದು ಮೂವರೂ ಕೂತು ಒಪ್ಪಿದೆವು. ಯಾರೂ ಯಾರನ್ನೂ ತಳ್ಳಲಿಲ್ಲ.

ಹೊರಡುವ ಹಿಂದಿನ ಬುಧವಾರ ನಾನು ಕೇಳಿದೆ: "ತಿರುಗಿ ಯಾವಾಗ ಬರ್ತೀರಿ?"

ಅವರು ಎದ್ದು ನಿಂತರು. "ಪರಿಸ್ಥಿತಿ ನೋಡಿಕೊಂಡು, ಸೂಕ್ತ ಸಮಯಕ್ಕ ಸೂಕ್ತ ನಿರ್ಧಾರ ತಗೊಳ್ತೀವಿ."

"ನಾಖ್‌ಫ್ರಾಗೆ?" ಎಂದಳು ಇಳಾ.

"ಇಲ್ಲ," ಎಂದೆ.

ಯಾಕೆ ಇಲ್ಲವೆಂದೆ? ಈ ಭಾಗವನ್ನು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ. ಒಂದರಲ್ಲಿ ಕುಕ್ಕರ್ ಸೀಟಿ ಹೊಡೆದು ಸಮಯ ಮುಗಿಯುತ್ತದೆ. ಆದರೆ ಆ ರಾತ್ರಿ ನಾವು ಬ್ರೆಡ್ಡು ತಿಂದೆವು. ಪಾತ್ರೆಗಳೆಲ್ಲ ತೊಳೆದಿಟ್ಟಿದ್ದವು, ಒಲೆ ಹೊತ್ತಿಸಿರಲೇ ಇಲ್ಲ. ಇನ್ನೊಂದರಲ್ಲಿ ನನ್ನ ಗಂಟಲು ಕಟ್ಟುತ್ತದೆ. ಅದು ಚೆನ್ನಾಗಿದೆ, ಚೆನ್ನಾಗಿದೆ ಎಂಬ ಕಾರಣಕ್ಕೇ ಅನುಮಾನ. ಮೂರನೆಯದರಲ್ಲಿ ನಾನು ನಗುತ್ತೇನೆ. ಅವರ ಉತ್ತರ ಅಷ್ಟು ಪಕ್ಕಾ ಮಂತ್ರಿಯ ಉತ್ತರವಾಗಿತ್ತು, ಅದು ಆಟವೆಂದೇ ತಿಳಿದೆ. ಅದನ್ನು ಆಟವೆಂದು ಅವರೂ ತಿಳಿದಿದ್ದರೇ?

ಆಮೇಲೆ ಆ ವಿಭಾಗಕ್ಕೆ ಅವರೇ ಮುಖ್ಯಸ್ಥರಾದರು. ಅವಧಿ ಬೆಳೆಯಿತು, ಮತ್ತೆ ಬೆಳೆಯಿತು. ಭಾನುವಾರ ವಿಡಿಯೊ ಕರೆ. ಜಯತೀರ್ಥ ಸೋಫಾದ ಮೇಲೆ ಮಲಗಿಕೊಂಡೇ ಮಾತಾಡುತ್ತಾರೆ. ಹೆಚ್ಚಾಗಿ ನನಗೆ ಅವರ ಗದ್ದ ಮತ್ತು ಮೂಗಿನ ಹೊಳ್ಳೆ ಕಾಣುತ್ತವೆ. ಮಾತುಕತೆ ಸೌಹಾರ್ದಯುತ ವಾತಾವರಣದಲ್ಲಿ ನಡೆಯುತ್ತದೆ. ಉಭಯತರೂ ಪರಸ್ಪರ ಹಿತಾಸಕ್ತಿಯ ವಿಷಯಗಳನ್ನು ಚರ್ಚಿಸುತ್ತಾರೆ: ಇಳಾಳ ಹಲ್ಲಿನ ತಂತಿ, ಕಾರಿಗೆ ಚಳಿಗಾಲದ ಟೈರು, ಪುಣೆಯಲ್ಲಿ ಜೋಳದ ರೊಟ್ಟಿ ಕೊಡುವ ಹೊಸ ಖಾನಾವಳಿ. ಕಳೆದ ದೀಪಾವಳಿಗೆ ಬಂದಿದ್ದರು. ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಅಡಿಗೆಮನೆಯಲ್ಲಿ ಸುಮ್ಮನೆ ನಿಂತಿದ್ದರು. "ಚಹಾಪುಡಿ ಡಬ್ಬಿ ಎಲ್ಲದ?" ಎಂದು ಕೇಳಿದರು. ಅದು ಇದ್ದದ್ದು ಅವರೇ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಹಲಗೆಯ ಮೇಲೆ. ನಾನು ಬೆರಳಿಂದ ತೋರಿಸಿದೆ. ಅವರು 'ಥ್ಯಾಂಕ್ಸ್' ಎಂದರು. ನಮ್ಮ ನಡುವೆ ಆ ಶಬ್ದ ಅದಕ್ಕೆ ಮುಂಚೆ ಬಂದಿದ್ದು ನನಗೆ ನೆನಪಿಲ್ಲ. ಅಂದು ಬುಧವಾರವಾಗಿತ್ತೇ? ಆಗಿದ್ದರೂ ಯಾರೂ ಗಂಟೆಯ ಸುದ್ದಿ ಎತ್ತಲಿಲ್ಲ.

ಈಗ ಮೊನ್ನೆಗೆ ಬರೋಣ. ಫೋನಿನೊಳಗೆ ಮಂತ್ರಿ ತಮ್ಮ ಸೂಕ್ತ ಸಮಯವನ್ನು ಮುಗಿಸಿ ಕೂತರು. ಉಪಪ್ರಶ್ನೆ ಇದೆಯೇ ಎಂದು ಅಧ್ಯಕ್ಷಪೀಠ ಕೇಳಿತು. ಪ್ರಶ್ನೆ ಕೇಳಿದ ಹೆಂಗಸು, ಇದೆ ಎಂದು ಎದ್ದು, ಮೊದಲು ಕೇಳಿದ್ದನ್ನೇ ಮತ್ತೊಮ್ಮೆ, ಮಕ್ಕಳಿಗೂ ತಿಳಿಯುವಂಥ ಸಣ್ಣ ಮಾತುಗಳಲ್ಲಿ ಕೇಳಿದಳು. ಮಂತ್ರಿ ನೀರು ಕುಡಿದರು. ಅಷ್ಟರಲ್ಲಿ ಇಳಾ ಶಾಲೆಯಿಂದ ಬಂದವಳು ಬ್ಯಾಗನ್ನು ಬಾಗಿಲಲ್ಲೇ ಬಿಸಾಕಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಈಗ ನನಗಿಂತ ಎತ್ತರ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವ ಮಾತು ಜರ್ಮನ್ ಭಾಷೆಯಲ್ಲಿ ಬರುತ್ತದೆ.

"ನಿನ್ನದೂ ಒಂದು ಉಳಿದಿದೆಯಲ್ಲಮ್ಮ," ಎಂದಳು.

"ಏನದು?"

"ನಾಖ್‌ಫ್ರಾಗೆ. ಪಪ್ಪ ಹೋಗುವ ಮುಂಚಿನದು. ನೀನು ಇಲ್ಲ ಅಂದೆ."

"ಅದು ಅವತ್ತ ಮುಗದು ಹೋತವ್ವಾ."

"ಮುಗಿದಿಲ್ಲ. ನಾನು ಗಂಟೆ ಬಾರಿಸಲೇ ಇಲ್ಲ. ನಿಮ್ಮಿಬ್ಬರ ಮೇಲೂ ಸಿಟ್ಟಾಗಿತ್ತು, ಎದ್ದು ಹೋಗಿ ಮಲಗಿಕೊಂಡೆ. ಸಭೆ ಇನ್ನೂ ನಡೆಯುತ್ತಿದೆ."

ನನ್ನ ಮೂರೂ ಕರಡುಗಳಲ್ಲಿ ಇದು ಇರಲಿಲ್ಲ. ಆ ಸಂಜೆಯ ಬಗ್ಗೆ ಇಷ್ಟೆಲ್ಲ ಯೋಚಿಸಿದವಳು ಗಂಟೆಯ ಸದ್ದು ಕೇಳಿಸಿತ್ತೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮುಂದಿನ ಸೀಟಿಗೆ ಮುಂಚೆಯೇ ಒಲೆ ಆರಿಸಿದೆ. ಇಳಾ ದೇವರ ಗೂಡಿನಿಂದ ಗಂಟೆ ತಂದು, ಅದರ ನಾಲಗೆಯನ್ನು ಬೆರಳಲ್ಲಿ ಒತ್ತಿಹಿಡಿದು ಎದುರಿಗೆ ಕೂತಳು. ಪುಣೆಯಲ್ಲಿ ಆಗ ಇಳಿಹೊತ್ತು, ಇನ್ನೂ ಆಫೀಸಿನ ವೇಳೆ. ಬರ್ಲಿನ್ನನ್ನು ನಿಲ್ಲಿಸಿ, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಜಯತೀರ್ಥರಿಗೆ ಕರೆ ಮಾಡಿದೆ.

"ಹಲೋ? ಏನಾತು? ಇಳಾ ಆರಾಮ ಅದಾಳಲಾ?" ಬುಧವಾರ ನಾನು ಫೋನ್ ಮಾಡುವುದಿಲ್ಲ.

"ಆರಾಮ ಅದಾಳ. ಗಂಟಿ ಹಿಡಕೊಂಡು ಇಲ್ಲೇ ಕೂತಾಳ."

"ಯಾವ ಗಂಟಿ?"

"ದೇವರದು."

ಆ ಕಡೆ ಫ್ಯಾನ್ ತಿರುಗುತ್ತಿತ್ತು. ದೂರದಲ್ಲಿ ಯಾರೋ ಯಾರನ್ನೋ ಮರಾಠಿಯಲ್ಲಿ ಚಹಾಕ್ಕೆ ಕರೆಯುತ್ತಿದ್ದರು.

"ಮಂತ್ರಿಗಳ," ಎಂದೆ. "ಹೋಗೂ ಮುಂಚೆ ನೀವು ಕೊಟ್ಟ ಉತ್ತರಕ್ಕ ನಂದೊಂದು ನಾಖ್‌ಫ್ರಾಗೆ ಉಳದದ. ಸಭಾ ಇನ್ನೂ ಮುಗದಿಲ್ಲ ಅಂತ ಅಧ್ಯಕ್ಷರು ಹೇಳ್ಲಿಕ್ಹತ್ಯಾರ. ಸೂಕ್ತ ಸಮಯ ಅಂದ್ರ ಯಾವಾಗ್ರಿ? ನೀವು ನಮ್ಮ ಹತ್ರ ತಿರುಗಿ ಬರಾವ್ರು ಇದ್ದೀರೋ, ಇಲ್ಲೋ?"

ಇಳಾ ಮೇಜಿನ ಮೇಲಿನ ಫೋನನ್ನೇ ನೋಡುತ್ತಿದ್ದಳು. ನಾನು ಫ್ರಿಜ್ಜನ್ನು ನೋಡುತ್ತಿದ್ದೆ.

ಆಗ ಆ ಕಡೆಯಿಂದ ಒಂದು ಸದ್ದು ಬಂತು. ಇದೊಂದನ್ನು ಮಾತ್ರ ನಾನು ಕಟ್ಟಿ ಹೇಳುತ್ತಿಲ್ಲ, ಇಳಾಳೂ ಕೇಳಿಸಿಕೊಂಡಿದ್ದಾಳೆ. ನೆಲದ ಮೇಲೆ ಕುರ್ಚಿಯೊಂದು ಕರ್ರೆಂದು ಹಿಂದಕ್ಕೆ ಸರಿಯಿತು. ಜಯತೀರ್ಥ ಎದ್ದು ನಿಂತಿದ್ದರು.

ಒಲೆ ಆರಿತ್ತು. ಇನ್ನು ಸೀಟಿ ಹೊಡೆಯುವಂತಿರಲಿಲ್ಲ.