ಲಲಿತಾ ಆಂಟಿ ಕಾರು ಹತ್ತಿದ್ದು

ಪಕ್ಕದ ಮನೆ ಲಲಿತಾ ಆಂಟಿ, ಅವರ ಇಬ್ಬರು ಅಕ್ಕಂದಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹಣ್ಣುಕಾಯಿ ಬುಟ್ಟಿ ಸಮೇತ ನಮ್ಮ ಹಳೇ ಮಾರಿಸ್ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ನಾನು ಕಾರಿನ ಕೆಳಗೆ ಅಂಗಾತ ಮಲಗಿದ್ದೆ.

ಎಂಬತ್ತರ ದಶಕದ ಶುರು, ಜಯನಗರದ ನಮ್ಮ ಮನೆಯಂಗಳ. ಬಾಡಿಯ ತುಕ್ಕು ಕೆರೆದು ಕೆಂಪು ಪ್ರೈಮರ್ ಹೊಡೆದಿದ್ದೆ. ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನೂ ನಾನೇ ಕೂರಿಸಿದ್ದೆ. ಅವು ಭಾರ ತಡೆಯುತ್ತವಾ ಅಂತ ನೋಡಬೇಕಿತ್ತು. "ಆಂಟಿ, ಬಂದು ಸ್ವಲ್ಪ ಕಾರಲ್ಲಿ ಕೂತ್ಕೋತೀರಾ? ಅಕ್ಕಂದಿರನ್ನೂ ಕರ್ಕೊಂಡ್ ಬನ್ನಿ" ಅಂದಿದ್ದೆ, ಅಷ್ಟೇ. ನಿಮ್ಮ ತೂಕ ಬೇಕು ಅಂತ ಹೇಳೋ ಧೈರ್ಯ ಯಾವ ಗಂಡಸಿಗಿದೆ?

ಸ್ಪ್ರಿಂಗ್ ಕಿರ್ರಂತ ತಗ್ಗಿ, ಗಟ್ಟಿಯಾಗಿ ನಿಂತಿತು. ಖುಷಿಯಲ್ಲಿ ತೆವಳಿಕೊಂಡು ಈಚೆ ಬಂದೆ.

"ಹೊರಡಪ್ಪಾ, ಬನಶಂಕರಿ ದೇವಸ್ಥಾನದಲ್ಲಿ ಮಂಗಳಾರತಿ ಮುಗಿದುಹೋಗುತ್ತೆ!" ಅಂದರು ಆಂಟಿ.

ನಾನು ಬಾನೆಟ್ ಎತ್ತಿದೆ. ಎಂಜಿನ್ ರಿಪೇರಿಗೆ ಹೋಗಿತ್ತು. ಅದಿರಬೇಕಾದ ಜಾಗದಲ್ಲಿ ನೆಲ ಕಾಣುತ್ತಿತ್ತು. ಆಂಟಿ ಇಳಿದು ಬಂದು ಬಗ್ಗಿ ನೋಡಿದರು. ಬುಟ್ಟಿಯಿಂದ ತೆಂಗಿನಕಾಯಿ ತೆಗೆದು ಮುಂದಿನ ಚಕ್ರದ ಹತ್ತಿರ ಫಟಾರನೆ ಒಡೆದರು. "ಬನಶಂಕರಿ ಅಮ್ಮನಿಗಿಂತ ಇದಕ್ಕೇ ಪೂಜೆ ಜಾಸ್ತಿ ಬೇಕಾಗಿದೆ."

ಕಾರು ಆಮೇಲೆ ವರ್ಷಗಟ್ಟಲೆ ಓಡಿತು. ಆಂಟಿಯನ್ನು ಎಲ್ಲಿಗೆ ಕರೆದರೂ, ಹತ್ತುವ ಮುಂಚೆ ಅವರದು ಒಂದೇ ಮಾತು: "ಮೊದಲು ಬಾನೆಟ್ ಎತ್ತು."