ಆಸ್ಪತ್ರೆಯ ಬ್ರಿಡ್ಜಪ್ಪ
ನಮ್ಮ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ದಾದಿಯರೆಲ್ಲ ಬ್ರಿಡ್ಜಪ್ಪ ಅಂತಲೇ ಕರೆಯುವುದು. ರೌಟರ್ ಕಂಡರೆ ಸಾಕು, ಮಗುವಿನ ಜ್ವರ ನೋಡುವ ಹಾಗೆ ಮೊದಲು ಅದರ ಬೆನ್ನು ಮುಟ್ಟುತ್ತಾರೆ. ನೆಟ್ ಯಾಕೆ ಬರ್ತಿಲ್ಲ ಅಂತ ಬಾಯಿತಪ್ಪಿ ಕೇಳಿದಿರೋ, ಕೆಟ್ಟಿರಿ! "ಈ ಪೆಟ್ಟಿಗೆ ಒಳಗಿರೋದು ಲಿನಕ್ಸು ಅನ್ನೋ ಸಾಫ್ಟ್‌ವೇರು ಕಣ್ರೀ. ತಂತಿಗೊಂದು ಬಾಗಿಲು, ವೈಫೈಗೊಂದು ಬಾಗಿಲು. ಎರಡನ್ನೂ ಒಂದೇ ಬ್ರಿಡ್ಜಿಗೆ, ಅಂದ್ರೆ ಸೇತುವೆಗೆ, ಸೇರಿಸಿಬಿಟ್ರೆ ಎಲ್ರೂ ಒಂದೇ ಮನೆಯವರು. ಯಾರು ಯಾವ ಬಾಗಿಲ ಕಡೆ ಇದಾರೆ ಅಂತ ಅದೇ ನೋಡಿ ನೆನಪಿಟ್ಕೊಳ್ಳತ್ತೆ" ಅಂತ ಶುರುಮಾಡಿ ಮುಗಿಸುವಷ್ಟರಲ್ಲಿ ನಿಮ್ಮ ಚಹಾ ಕೆನೆಗಟ್ಟಿರುತ್ತದೆ. ದೊಡ್ಡ ಡಾಕ್ಟರೂ ಅವರನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಾರೆ. ಮೊನ್ನೆ, ಯಾರನ್ನೂ ಒಳಗೆ ಬಿಡದ ಸೋಂಕಿನ ಕೋಣೆಯಲ್ಲಿದ್ದ ಅಜ್ಜಿಯೊಬ್ಬರು ಮಗಳನ್ನು ನೋಡಬೇಕೆಂದು ಹಟ ಹಿಡಿದರು. ಕೋಣೆಯ ವಿಡಿಯೊ ಪರದೆ ತಂತಿಯ ಜಾಲದಲ್ಲಿತ್ತು, ಹೊರಗಿದ್ದ ಮಗಳ ಫೋನು ವೈಫೈ ಜಾಲದಲ್ಲಿತ್ತು. ಬ್ರಿಡ್ಜಪ್ಪ ಐದು ನಿಮಿಷದಲ್ಲಿ ಎರಡನ್ನೂ ಸೇರಿಸಿದರು. "ಅಮ್ಮಾ, ಕಾಣ್ತಿದೀನಾ?" ಅಂದಳು ಮಗಳು. ಆದರೆ ಹೊರಗೋಡೆಯ ರೌಟರಿಗೆ ಸಿಕ್ಕಿಸಿದ್ದ ತಂತಿಯ ಕೊಕ್ಕೆ ಮುರಿದಿತ್ತು. ಕೈ ಬಿಟ್ಟರೆ ಚಿತ್ರ ಹೋಗುತ್ತಿತ್ತು. ಹೊಸದನ್ನು ತರಲು ಹೋದರೆ ತಾಯಿಮಗಳ ಮಾತು ಕಡಿದುಹೋಗುತ್ತದೆಂದು, ಅಜ್ಜಿಗೆ ನಿದ್ದೆ ಹತ್ತುವವರೆಗೆ, ಎರಡು ಗಂಟೆ ಹೊತ್ತು, ಹೆಬ್ಬೆರಳಿನಿಂದ ಅದನ್ನು ಒತ್ತಿಹಿಡಿದು, ಗೋಡೆಗೆ ಮುಖಮಾಡಿ, ತುಟಿ ಪಿಟ್ಟೆನ್ನದೆ ನಿಂತೇ ಇದ್ದರು.