ದವಾಖಾನೆ ತಿರುವಿನಲ್ಲಿ ಹತ್ತಿದವರು

ಕೋವಿಡ್ ಕಳೆದ ಮರುವರ್ಷ ನಾನು ಮರಾಠವಾಡಾ ಗಡಿಯ ಒಂದು ತಾಲೂಕು ಪಟ್ಟಣದ ಬಸ್ ಡಿಪೋದಲ್ಲಿ ಸಂಚಾರ ನಿರೀಕ್ಷಕನಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಇನ್ನೂ ಕೆಲಸದಲ್ಲಿರುವವರಿದ್ದಾರೆ. ಬೆಳಿಗ್ಗೆ ಐದಕ್ಕೆ ಹಾಜರಿ, ಐದೂವರೆಗೆ ಮೊದಲ ಉದಗೀರ ಗಾಡಿ. ಮೂವತ್ನಾಲ್ಕು ವರ್ಷ ಹೀಗೇ ನಡೆದಿತ್ತು. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದವು.

ಬಸ್ಸಿನ ದರಕ್ಕಾಗಿ ದಾರಿಯನ್ನು ತುಂಡು ಮಾಡಿರುತ್ತಾರೆ. ಒಂದೊಂದು ತುಂಡಿಗೆ ‘ಸ್ಟೇಜ್’ ಎನ್ನುತ್ತೇವೆ. ಎರಡು ಸ್ಟೇಜಿನ ನಡುವೆ ಹತ್ತಿದವರಿಗೆ ಹಿಂದಿನ ಸ್ಟೇಜಿನಿಂದಲೇ ಟಿಕೀಟು. ಸರಕಾರಿ ದವಾಖಾನೆಯ ತಿರುವು ಅಂಥ ಜಾಗ. ಅಲ್ಲಿ ಕೈ ಮಾಡಿ ಹತ್ತಿದವರೆಲ್ಲ ಟಿಕೀಟು ಯಂತ್ರದ ಲೆಕ್ಕದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಹತ್ತಿದವರು. ಈ ನಿಯಮವನ್ನು ಪ್ರತಿ ಹೊಸ ಕಂಡಕ್ಟರನಿಗೂ ನಾನೇ ಕಲಿಸಿದ್ದೆ.

ಒಮ್ಮೆ ಟಿಕೀಟು ತಪಾಸಣೆಗೆ ಸಂಜೆ ಐದೂ ಇಪ್ಪತ್ತರ ಕಾಸಾರಶಿರಸಿ ಗಾಡಿ ಹತ್ತಿದ್ದೆ. ಆ ದಿಕ್ಕಿಗೆ ಅದೇ ಕೊನೆಯ ಬಸ್ಸು. ತಿರುವಿನಲ್ಲಿ ಮಹಾದೇವಿ ಎಂಬ ಹೆಂಗಸು ಗಂಡನನ್ನು ಹಿಡಿದುಕೊಂಡು ಹತ್ತಿದಳು. ಅವನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೂತ್ರಪಿಂಡ ಮಾಡಬೇಕಾದ ಕೆಲಸವನ್ನು ಯಂತ್ರ ನಾಲ್ಕು ತಾಸು ಮಾಡುತ್ತಿತ್ತು. ಐದಕ್ಕೆ ಅದು ಮುಗಿದರೆ ಈ ಗಾಡಿ ಸಿಗುತ್ತಿತ್ತು. ಆಕೆ ಟಿಕೀಟು ತೋರಿಸಿ, “ನಾ ಹತ್ತಿದ್ದು ಇಲ್ಲಿ, ನಿಮ್ಮ ಮಿಶಿನ್ ಹೇಳೂದು ಸ್ಟ್ಯಾಂಡ್. ಸುಳ್ಳ ಹೇಳ್ಲಿಕ್ಕ ಮಿಶಿನ್‌ಗೂ ಪಗಾರ ಕೊಡ್ತೀರೇನ್ರಿ ಸಾಹೇಬ್ರ?” ಎಂದಳು. ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ.

ಅದೇ ಬೇಸಿಗೆ ಊರಿನ ಸಾರಿಗೆ ಯೋಜನೆಗೆ ದೂರದ ನಗರದಿಂದ ಒಂದು ತಂಡ ಬಂತು. ಊರು ಬೆಳೆದಿತ್ತು, ಪೇಟೆಯ ಇಕ್ಕಟ್ಟಿನಲ್ಲಿ ಬಸ್ಸು ತಿರುಗಿಸಲು ಆಗುತ್ತಿರಲಿಲ್ಲ. ಬೈಪಾಸಿನಲ್ಲಿ ಹೊಸ ಸ್ಟ್ಯಾಂಡು, ಅಲ್ಲಿಂದ ಪೇಟೆಯೊಳಗೆ ಮೂರು ಮಿನಿಬಸ್ಸು ಎಂದು ಯೋಚನೆ. ಅವರು ಎರಡು ವರ್ಷದ ಟಿಕೀಟು ಮಾಹಿತಿ ಕೇಳಿದರು. ಒಂದೂ ತಪ್ಪಿಲ್ಲದಂತೆ ಜೋಡಿಸಿ, ಪ್ರತಿ ಹಾಳೆಗೂ ಸಹಿ ಮಾಡಿ ಕೊಟ್ಟೆ. ಆ ದಿನ ಹೆಮ್ಮೆಯೂ ಪಟ್ಟಿದ್ದೆ.

ಸಭೆಯಲ್ಲಿ ತಂಡದ ನಕ್ಷೆ ಗೋಡೆಯ ಮೇಲೆ ಬಂದಾಗ ನೋಡಿದೆ. ಜನ ಹತ್ತುವಲ್ಲೆಲ್ಲ ಕೆಂಪು ಚುಕ್ಕೆ. ದವಾಖಾನೆ ತಿರುವು ಖಾಲಿ. ಮಿನಿಬಸ್ಸು ಅತ್ತ ಹೋಗುವುದೇ ಇಲ್ಲ. ಅಲ್ಲೂ ದಿನಾ ಜನ ಹತ್ತುತ್ತಾರೆ ಎಂದು ನಾನು ಎದ್ದು ಹೇಳಿದೆ. ತಂಡದ ಹುಡುಗಿ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿ ಮೆತ್ತಗೆ, “ಕಾಕಾ, ಡೇಟಾಮಧ್ಯೆ ಹಾ ಸ್ಟಾಪಚ್ ನಾಹೀ” ಎಂದಳು. ಮಾಹಿತಿಯಲ್ಲಿ ಆ ನಿಲುಗಡೆಯೇ ಇಲ್ಲ ಎಂದರ್ಥ. ಅವಳದೇನೂ ತಪ್ಪಿರಲಿಲ್ಲ.

ಆರು ದಿನ ಆ ತಿರುವಿನಲ್ಲಿ ನಿಂತು ನಾನೇ ಎಣಿಸಿದೆ. ಯಾವ ದಿನವೂ ಮೂವತ್ತಕ್ಕೆ ಕಡಿಮೆ ಇರಲಿಲ್ಲ. ನೋಟ್‌ಬುಕ್ ಹಿಡಿದು ಮೇಲಧಿಕಾರಿಯ ಬಳಿಗೆ ಹೋದೆ. ಅವರು ಪುಟ ತಿರುವಿ, “ಇದು ಖರೇ ಅಂದ್ರ ತಂಡಕ್ಕ ಕೊಟ್ಟ ಮಾಹಿತಿ ಖೋಟಾ ಅಂದಂಗಾತು. ಅದರ ಮ್ಯಾಲ ಸಹಿ ಯಾರದ್ರಿ?” ಎಂದು ಕೇಳಿದರು.

“ನಂದರೀ.”

“ಮತ್ತ?”

ಸ್ಟೇಜ್ ನಿಯಮ ವಿವರಿಸಿ ಯೋಜನೆಯ ಕಚೇರಿಗೆ ಪತ್ರ ಬರೆದೆ. ಎರಡನೆಯ ಹಂತದಲ್ಲಿ ಪರಿಶೀಲಿಸಲಾಗುವುದು ಎಂದು ಉತ್ತರ ಬಂತು.

ಹೊಸ ಸ್ಟ್ಯಾಂಡು ಶುರುವಾಯಿತು. ಐದೂ ಇಪ್ಪತ್ತರ ಗಾಡಿ ಈಗ ಬೈಪಾಸಿನಿಂದಲೇ ಹೊರಡುತ್ತಿತ್ತು. ದವಾಖಾನೆಯಿಂದ ಅಲ್ಲಿಗೆ ನಾಲ್ಕು ಕಿಲೋಮೀಟರು; ಪೇಟೆಯ ಗದ್ದಲದಲ್ಲಿ ಆಟೋಕ್ಕೆ ಅರ್ಧ ತಾಸು. ದವಾಖಾನೆಯಿಂದ ಬರುವವರಿಗಾಗಿ ಒಂದು ವಾರ ನಾನು ಗಾಡಿಯನ್ನು ಹತ್ತು ನಿಮಿಷ ತಡೆದೆ. ಅಷ್ಟು ವರ್ಷದಲ್ಲಿ ಒಂದು ಗಾಡಿಯನ್ನೂ ಬೇಕೆಂದೇ ತಡ ಮಾಡಿದವನಲ್ಲ. ಕೂತವರು ಕೂಗಾಡಿದರು. ಎಂಟನೆಯ ದಿನ ಡ್ರೈವರನಿಗೆ ಕಾರಣ ಕೇಳಿ ನೋಟಿಸು ಬಂತು. ತಪ್ಪು ನನ್ನದೆಂದು ಬರೆದುಕೊಟ್ಟೆ. ಮರುದಿನ ಗಾಡಿ ಹೊತ್ತಿಗೆ ಸರಿಯಾಗಿ ಹೊರಟಿತು. ಸೀಟಿ ಊದಿದವನು ನಾನೇ.

ನಿವೃತ್ತಿಗೆ ತಿಂಗಳಿರುವಾಗ, ಒಂದು ಮಧ್ಯಾಹ್ನ ಹೊಸ ಸ್ಟ್ಯಾಂಡಿನಲ್ಲಿ ಮಹಾದೇವಿ ಒಬ್ಬಳೇ ಸಿಕ್ಕಳು. ಯಜಮಾನರೆಲ್ಲಿ ಎಂದು ಕೇಳಿದೆ.

“ಮನ್ಯಾಗ ಅದಾರ್ರಿ. ಗುಳಿಗಿ ಒಯ್ಲಿಕ್ಕ ನಾನಷ್ಟೇ ಬಂದೀನಿ. ವಾರಕ್ಕ ಮೂರ ಸಲ ಇದ್ದದ್ದು ಎರಡ ಮಾಡೀವಿ, ಬಾಡಗಿ ಗಾಡಿಗೆ ಅಷ್ಟಕ್ಕೇ ರೊಕ್ಕ ಹೊಂದತಾವ.”

“ಡಾಕ್ಟರ್ ಏನಂತಾರ?”

“ಬೈತಾರ್ರಿ. ಕಾಲ ಬಾತಾವ, ರಾತ್ರಿ ದಮ್ಮು. ಆದ್ರ ಬಸ್ ತಪ್ಪಿದ್ರ ಆ ಮನಶಾನ್ನ ಕರಕೊಂಡು ಎಲ್ಲಿ ಮಲಗ್ಲಿ?”

ಗಾಡಿ ಬಂತು. ಟಿಕೀಟು ತೆಗೆದುಕೊಂಡು ಕಿಟಕಿಯಿಂದ ನನಗೆ ತೋರಿಸಿದಳು. “ಈಗ ನಿಮ್ಮ ಮಿಶಿನ್ ಖರೇ ಹೇಳ್ತದ ನೋಡ್ರಿ ಸಾಹೇಬ್ರ.”

ತಪ್ಪಿಲ್ಲದ ಕಾಗದ ನಿಜವಾದ ಕಾಗದ ಎಂದು ನಾನು ಮೂವತ್ನಾಲ್ಕು ವರ್ಷ ನಂಬಿದ್ದೆ. ಯಾರು ಎಲ್ಲಿ ನಿಂತು ಕೈ ಮಾಡುತ್ತಾರೆ ಎಂದು ನೋಡಿ ಆಮೇಲೆ ಸಹಿ ಮಾಡಬೇಕು. ನಾನು ಸಹಿ ಮಾಡಿ ಆಮೇಲೆ ನೋಡಿದೆ.